ಮುರಿದ ಫೈಲು, ಹೇಳದೆ ಉಳಿದ ಮಾತು: ದಂತವೈದ್ಯರ ಮೇಲಿನ ದೂರನ್ನು ದಂತವೈದ್ಯರೇ ವಿಚಾರಿಸಿದ ಒಂದು ಪ್ರಕರಣ

ದೂರಿನ ಅರ್ಜಿ ಒಂದೂವರೆ ಪುಟದ್ದು. ಡಿಪ್ಲೊಮಾ ಓದುವ ಮಗ ಬರೆದುಕೊಟ್ಟಿದ್ದ, ತಾಯಿ ಕೆಳಗೆ ಸಹಿ ಹಾಕಿದ್ದರು. ಹಲ್ಲುನೋವು ಶುರುವಾದದ್ದು, ರೂಟ್ ಕೆನಾಲ್‌ಗೆಂದು ನಾಲ್ಕು ಸಲ ಓಡಾಡಿದ್ದು, ಕ್ಯಾಪ್ ಹಾಕಿಸಿದ್ದು, ಏಳು ತಿಂಗಳಿಗೆ ಕೆನ್ನೆ ಊದಿಕೊಂಡದ್ದು, ಬೇರೆ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿದಾಗ ಬೇರಿನೊಳಗೆ ಸೂಜಿಯ ತುಂಡು ಕಂಡದ್ದು, ಎಲ್ಲವೂ ತಾರೀಖಿನ ಸಮೇತ ಇತ್ತು. ಕೊನೆಯ ಸಾಲು ಹೀಗಿತ್ತು: "ಸೂಜಿ ಮುರಿದಿದ್ದು ಡಾಕ್ಟರಿಗೆ ಗೊತ್ತಿತ್ತೇ, ಗೊತ್ತಿದ್ದರೆ ನನಗೆ ಯಾಕೆ ಹೇಳಲಿಲ್ಲ ಎಂದು ದಯವಿಟ್ಟು ಕೇಳಿ ತಿಳಿಸಬೇಕು."

ಆ ಸಾಲನ್ನು ನಾನು ಓದಿದ್ದೆ. ಐದು ತಿಂಗಳ ನಂತರ ನಾವು ಮೂವರು ದಂತವೈದ್ಯರು ಸಹಿ ಮಾಡಲು ಕೂತ ವರದಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆ ಪ್ರಶ್ನೆಯೇ ಇರಲಿಲ್ಲ. ಅದು ಎಲ್ಲಿ, ಯಾರ ಕೈಯಲ್ಲಿ ಕಳೆದುಹೋಯಿತು ಎಂದು ಹಿಂದಕ್ಕೆ ಹೋಗಿ ಹುಡುಕುವುದೇ ಈ ಬರಹ. ಕಳೆದವರಲ್ಲಿ ನಾನೂ ಒಬ್ಬ.

ಇದನ್ನು ಬರೆಯಲು ಆ ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಊರು, ಕ್ಲಿನಿಕ್ಕು, ಸಂಘ ಯಾವುದನ್ನೂ ಹೆಸರಿಸಿಲ್ಲ, ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ನಡೆದದ್ದರ ಕ್ರಮವನ್ನು ಬದಲಿಸಿಲ್ಲ.

ಹಲ್ಲಿನ ಕಥೆ

ಆಕೆ ಸರ್ಕಾರಿ ಶಾಲೆಯೊಂದರ ಬಿಸಿಯೂಟದ ಅಡುಗೆಯವರು, ವಯಸ್ಸು 41. 2022ರ ಜೂನ್‌ನಲ್ಲಿ ಕೆಳಗಿನ ಎಡಬದಿಯ ಮೊದಲ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡರು. ಚಿಕಿತ್ಸೆಗೆ 4,500 ರೂಪಾಯಿ, ಕ್ಯಾಪ್‌ಗೆ 5,500. ಒಟ್ಟು ಹತ್ತು ಸಾವಿರ ಎಂದರೆ ಅವರ ಎರಡು ತಿಂಗಳ ಗೌರವಧನಕ್ಕಿಂತ ಹೆಚ್ಚು.

ಆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಅವುಗಳೊಳಗೆ ಮೂರು ನಾಳ. ಮುಂದಿನ ಬೇರಿನ ನಾಳಗಳು ಕೂದಲೆಳೆಯಷ್ಟು ಸಪೂರ, ಮೇಲಾಗಿ ಬಾಗಿರುತ್ತವೆ. ಅವುಗಳನ್ನು ಸ್ವಚ್ಛ ಮಾಡಲು ನಾವು ಬಳಸುವ ನಿಕ್ಕಲ್-ಟೈಟೇನಿಯಂ ಫೈಲು ಬಾಗಿದ ದಾರಿಯಲ್ಲಿ ಸುತ್ತಿ ಸುತ್ತಿ ದಣಿಯುತ್ತದೆ, ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ತುದಿ ಮುರಿದು ಒಳಗೇ ಉಳಿಯುತ್ತದೆ. ಒಂದೇ ಫೈಲನ್ನು ಮತ್ತೆ ಮತ್ತೆ ಬಳಸಿದಷ್ಟೂ ಅಪಾಯ ಹೆಚ್ಚು. ರೋಗಿಗಳು ಇದನ್ನು ಸೂಜಿ ಎನ್ನುತ್ತಾರೆ.

ಮುರಿದ ಲೋಹ ತಾನಾಗಿ ಕೀವು ತರಿಸುವುದಿಲ್ಲ. ಅದು ದಾರಿಗೆ ಅಡ್ಡ ಕೂತಿರುವುದರಿಂದ ಅದರ ಆಚೆಗಿನ ನಾಳ ಸ್ವಚ್ಛವಾಗದೆ ಉಳಿಯುತ್ತದೆ, ತೊಂದರೆ ಹುಟ್ಟುವುದು ಅಲ್ಲಿಂದ. ಹಾಗಾಗಿ ಮುರಿದ ಕ್ಷಣದಲ್ಲಿ ತೀರ್ಮಾನಿಸಬೇಕಾದ್ದು ಬಹಳ ಇರುತ್ತದೆ: ತುಂಡಿನ ಪಕ್ಕದಿಂದ ದಾರಿ ಮಾಡಿಕೊಂಡು ಹೋಗಲು ಪ್ರಯತ್ನಿಸುವುದೇ, ಮೈಕ್ರೋಸ್ಕೋಪ್ ಇರುವ ಕಡೆ ಕಳಿಸುವುದೇ, ಅಲ್ಲಿವರೆಗೆ ತುಂಬಿ ಆರಾರು ತಿಂಗಳಿಗೆ ಎಕ್ಸ್‌ರೇ ತೆಗೆದು ಕಾಯುವುದೇ, ಹಲ್ಲನ್ನೇ ಬಿಟ್ಟುಕೊಡುವುದೇ. ಯಾವುದನ್ನು ಆರಿಸಿದರೂ ಖರ್ಚು, ರಜೆ, ನೋವು ರೋಗಿಯದು. ಆದ್ದರಿಂದ ಆಯ್ಕೆಯೂ ರೋಗಿಯದೇ.

ಈ ತಾಯಿಗೆ ಆ ಆಯ್ಕೆ ಇತ್ತೆಂಬುದೇ ಗೊತ್ತಾಗಲಿಲ್ಲ. ನಾಳ ತುಂಬಿದ ದಿನ ಕ್ಲಿನಿಕ್ಕಿನಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಸುಮಾರು ನಾಲ್ಕು ಮಿಲಿಮೀಟರ್ ಉದ್ದದ ತುಂಡು ಬೇರಿನ ತುದಿಯ ಹತ್ತಿರ ಸ್ಪಷ್ಟವಾಗಿ ಕಾಣುತ್ತಿತ್ತು. ಕೇಸ್ ಶೀಟಿನಲ್ಲಿ ಅದೇ ತಾರೀಖಿನಡಿ "ಚಿಕಿತ್ಸೆ ಪೂರ್ಣ" ಎಂದಷ್ಟೇ ಬರೆದಿತ್ತು. ಮೂರು ತಿಂಗಳ ನಂತರ, ಅಗಿಯುವಾಗ ನೋಯುತ್ತದೆ ಎಂದು ಹೋದಾಗ, ಸರಿಯಾಗಿ ಬ್ರಷ್ ಮಾಡಿ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. 2023ರ ಜನವರಿಯಲ್ಲಿ ಕೆನ್ನೆ ಊದಿತು.

ಮೂವರು

ಮಗ ಎಲ್ಲಿಂದಲೋ ದಂತವೈದ್ಯರ ಸಂಘದ ನಂಬರು ಹುಡುಕಿದ. ಕೋರ್ಟು ಕಚೇರಿ ಅಲೆಯುವ ಶಕ್ತಿ ತಮಗಿಲ್ಲ, ಡಾಕ್ಟರುಗಳೇ ಕೂತು ನ್ಯಾಯ ಹೇಳಿದರೆ ಸಾಕು ಎಂದುಕೊಂಡಿದ್ದರಂತೆ. ಸಂಘ ಮೂವರ ಸಮಿತಿ ಮಾಡಿತು. ಅಧ್ಯಕ್ಷರು ಹಿರಿಯ ಪ್ರಾಧ್ಯಾಪಕರು, ನಮ್ಮ ಭಾಗದಲ್ಲಿ ಎಲ್ಲರೂ ಮೇಷ್ಟ್ರು ಎನ್ನುವವರು. ಎರಡನೆಯವರು ತಾಲ್ಲೂಕು ಆಸ್ಪತ್ರೆಯ ದಂತವೈದ್ಯೆ. ಮೂರನೆಯವನು ನಾನು, ರೂಟ್ ಕೆನಾಲ್ ತಜ್ಞ ಎಂಬ ಕಾರಣಕ್ಕೆ.

ಈಗ ನಾನು ಮೊದಲೇ ಹೇಳಬೇಕಿದ್ದನ್ನು ಹೇಳುತ್ತೇನೆ. ಜಿಲ್ಲಾ ಕೇಂದ್ರಗಳಲ್ಲಿ ನನ್ನಂಥ ತಜ್ಞನ ಬದುಕು ಬೇರೆ ಕ್ಲಿನಿಕ್ಕುಗಳ ಮೇಲೆ ನಿಂತಿದೆ. ವಾರದಲ್ಲಿ ನಾಲ್ಕೈದು ಕಡೆ ವಿಸಿಟಿಂಗ್ ಹೋಗುತ್ತೇವೆ, ಉಳಿದವರು ಕಷ್ಟದ ಕೇಸುಗಳನ್ನು ನಮಗೆ ಕಳಿಸುತ್ತಾರೆ. ದೂರಿಗೆ ಒಳಗಾದ ವೈದ್ಯರ ಕ್ಲಿನಿಕ್ಕಿಗೆ ನಾನು ಮೂರು ವರ್ಷ ಪ್ರತಿ ಶನಿವಾರ ಹೋಗಿದ್ದೆ. ದೂರು ಬಂದ ಹೊತ್ತಿಗೂ ಅವರಿಂದ ನನಗೆ ತಿಂಗಳಿಗೆ ಮೂರ್ನಾಲ್ಕು ಕೇಸು ಬರುತ್ತಿದ್ದವು. ಅವರ ಮಗಳ ನಾಮಕರಣಕ್ಕೂ ಹೋಗಿದ್ದೆ. ಸಮಿತಿಯ ಅಧ್ಯಕ್ಷರು ಅವರಿಗೆ ಕಾಲೇಜಿನಲ್ಲಿ ಪಾಠ ಹೇಳಿದ ಗುರುಗಳು. ಇದು ನಮ್ಮಿಬ್ಬರಿಗೂ ಗೊತ್ತಿತ್ತು, ಸಂಘಕ್ಕೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ದೂರು ಕೊಟ್ಟವರಿಗೆ ಮಾತ್ರ.

ಇದನ್ನು ನಾನು ಬಚ್ಚಿಟ್ಟೆ ಎಂದಲ್ಲ. ಹೇಳಬೇಕಾದ ಸಂಗತಿ ಎಂದು ಅನ್ನಿಸಲೇ ಇಲ್ಲ. ಈ ವೃತ್ತಿಯಲ್ಲಿ ಎಲ್ಲರೂ ಎಲ್ಲರಿಗೂ ಪರಿಚಯ, ಹಾಗಿಲ್ಲದವರನ್ನು ಎಲ್ಲಿಂದ ತರುವುದು ಎಂಬ ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಪಕ್ಕದ ಜಿಲ್ಲೆಯಿಂದ ಒಬ್ಬರನ್ನು ಕರೆಸಲು ಬಸ್ಸಿನ ಚಾರ್ಜು ಸಾಕಿತ್ತು.

ಸಭೆ ನಡೆದದ್ದು ಜುಲೈನ ಒಂದು ಭಾನುವಾರ, ಹೋಟೆಲೊಂದರ ಹಾಲಿನಲ್ಲಿ, ಸಂಘದ ಉಪನ್ಯಾಸ ಕಾರ್ಯಕ್ರಮ ಮುಗಿದ ಮೇಲೆ. ತಾಯಿ ಮಗ 11 ಗಂಟೆಗೇ ಬಂದು ರಿಸೆಪ್ಷನ್ ಹತ್ತಿರದ ಸೋಫಾದಲ್ಲಿ ಕೂತಿದ್ದರು. ದೂರಿಗೆ ಒಳಗಾದವರು ಒಳಗೇ ಇದ್ದರು. ನಮ್ಮ ಜೊತೆ ಊಟ ಮಾಡಿದರು, ಊಟದ ಮಧ್ಯೆಯೇ ತಮ್ಮ ಪಾಲಿನ ಕಥೆ ಹೇಳಿದರು. ಕಡತ ಬಿಚ್ಚುವ ಮೊದಲೇ ನಮಗೆ ಒಬ್ಬರ ಮಾತು ಪೂರ್ತಿ ಕೇಳಿಯಾಗಿತ್ತು.

ಪ್ರಶ್ನೆ ಬದಲಾದ ಬಗೆ

ಮೊದಲ ಮುಕ್ಕಾಲು ಗಂಟೆ ಚರ್ಚೆಯಾದದ್ದು ಆಕೆಯ ಬಗ್ಗೆಯೂ ಅಲ್ಲ, ಅವರ ವೈದ್ಯರ ಬಗ್ಗೆಯೂ ಅಲ್ಲ. ಎಕ್ಸ್‌ರೇ ತೆಗೆದ ಎರಡನೆಯ ದಂತವೈದ್ಯರ ಬಗ್ಗೆ. ಅವರದು ಅದೇ ರಸ್ತೆಯಲ್ಲಿ ಹೊಸದಾಗಿ ಶುರುವಾದ ಕ್ಲಿನಿಕ್ಕು. "ಯಾರು ಮಾಡಿದ್ದು ಇದನ್ನ? ಹಲ್ಲೇ ಹಾಳು ಮಾಡಿಬಿಟ್ಟಿದ್ದಾರೆ" ಎಂದು ಅವರು ರೋಗಿಯ ಎದುರು ಹೇಳಿದ್ದರು. ಪೇಷಂಟ್ ಎಳೆದುಕೊಳ್ಳಲು ಹೀಗೆ ಮಾಡಿದ್ದಾರೆ ಎಂದು ಹಾಲಿನಲ್ಲಿದ್ದ ಬಹುತೇಕರಿಗೆ ಸಿಟ್ಟು ಬಂದಿತ್ತು.

ಆ ಸಿಟ್ಟಿಗೆ ಆಧಾರ ಇಲ್ಲದಿಲ್ಲ. ಇನ್ನೊಬ್ಬರ ಕೆಲಸದ ಬಗ್ಗೆ, ಅದು ಯಾವ ಸ್ಥಿತಿಯಲ್ಲಿ ನಡೆಯಿತು ಎಂದು ತಿಳಿಯದೆ, ಹೀನಾಯವಾಗಿ ಮಾತಾಡಬಾರದು. ಅಮೆರಿಕದ ದಂತವೈದ್ಯ ಸಂಘದ ನೀತಿಸಂಹಿತೆಯಲ್ಲಿ ಇದಕ್ಕೆಂದೇ ಒಂದು ಭಾಗವಿದೆ: ರೋಗಿಯ ಬಾಯಿಯ ಈಗಿನ ಸ್ಥಿತಿಯನ್ನು ಹೇಳಬೇಕು, ಹಿಂದಿನ ಚಿಕಿತ್ಸೆಯನ್ನು ಹೀಗಳೆಯದೆ ಹೇಳಬೇಕು. ಆದರೆ ಅದೇ ಭಾಗ ಇನ್ನೊಂದನ್ನೂ ಹೇಳುತ್ತದೆ. ತೀರಾ ದೋಷದ ಅಥವಾ ಪದೇಪದೇ ದೋಷದ ಚಿಕಿತ್ಸೆ ಕಂಡರೆ ಅದನ್ನು ಪರಿಶೀಲಿಸುವ ಸಂಸ್ಥೆಗೆ ತಿಳಿಸುವುದು ದಂತವೈದ್ಯನ ಕರ್ತವ್ಯ. ನಾವು ಮೊದಲ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದೆವು.

ಪ್ರತಿಸ್ಪರ್ಧಿಯ ಸ್ವಾರ್ಥ ನಮಗೆ ತಕ್ಷಣ ಕಂಡಿತು, ಸ್ನೇಹಿತನ ಸ್ವಾರ್ಥ ಕಾಣಲಿಲ್ಲ. ವೃತ್ತಿಯವರೇ ತೀರ್ಪುಗಾರರಾದಾಗ ಎರಡೂ ಇರುತ್ತವೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ದಂತವೈದ್ಯರನ್ನು ನಿಯಂತ್ರಿಸುವ ಮಂಡಳಿಯ ಎಂಟು ಸದಸ್ಯರಲ್ಲಿ ಆರು ಮಂದಿ ದಂತವೈದ್ಯರು, ಒಬ್ಬರು ಮಾತ್ರ ಸಾರ್ವಜನಿಕರ ಕಡೆಯವರು. ಮಾಲ್‌ಗಳಲ್ಲಿ, ಸಲೂನ್‌ಗಳಲ್ಲಿ ಕಡಿಮೆ ದುಡ್ಡಿಗೆ ಹಲ್ಲು ಬೆಳ್ಳಗೆ ಮಾಡಿಕೊಡುತ್ತಿದ್ದ, ದಂತವೈದ್ಯರಲ್ಲದವರಿಗೆ ಆ ಮಂಡಳಿ ಕನಿಷ್ಠ 47 ಪತ್ರ ಬರೆದು ಅಂಗಡಿ ಮುಚ್ಚಿ ಎಂದಿತು. ಅದರ ಮುಂದೆ ಬಂದಿದ್ದ ದೂರುಗಳಲ್ಲಿ ಹೆಚ್ಚಿನವು ದಂತವೈದ್ಯರವೇ, ಅವರ ಮುಖ್ಯ ಕಳವಳ ರೋಗಿಯ ಅಪಾಯವಲ್ಲ, ಕಡಿಮೆ ದರ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಂಡಳಿಯ ವಿರುದ್ಧ ತೀರ್ಪು ಕೊಟ್ಟಿತು: ಮಾರುಕಟ್ಟೆಯಲ್ಲಿ ಪಾಲುದಾರರಾದವರೇ ನಿಯಂತ್ರಿಸುವಾಗ ಸರ್ಕಾರದ ನಿಜವಾದ ಮೇಲ್ವಿಚಾರಣೆ ಇಲ್ಲದಿದ್ದರೆ ಅವರಿಗೆ ಸ್ಪರ್ಧಾ ಕಾನೂನಿನಿಂದ ವಿನಾಯಿತಿ ಇಲ್ಲ. ನಮ್ಮದು ಅಂಥ ಅಧಿಕಾರವಿಲ್ಲದ ಸಣ್ಣ ಸಮಿತಿ. ಆದರೂ ಆ ಭಾನುವಾರ ನಾವು ಅರ್ಧ ಹೊತ್ತು ರೋಗಿಯ ದೂರನ್ನು ಬಿಟ್ಟು ನಮ್ಮದೇ ದೂರನ್ನು ವಿಚಾರಿಸಿಕೊಂಡೆವು.

ಆಮೇಲೆ ಎಕ್ಸ್‌ರೇ ನೋಡಿದೆವು. "ಫೈಲ್ ಮುರಿಯೋದು ಯಾರ ಕೈಯಲ್ಲಿ ಆಗಿಲ್ಲ, ಹೇಳಿ" ಎಂದರು ಮೇಷ್ಟ್ರು. ನಿಜ, ನನ್ನ ಕೈಯಲ್ಲೂ ಆಗಿದೆ. ಒಬ್ಬರು ಕಾನೂನು ನೆನಪಿಸಿದರು. 1957ರ ಇಂಗ್ಲೆಂಡಿನ ಬೋಲಂ ಪ್ರಕರಣದ ಅಳತೆಗೋಲು, ಅದನ್ನು ಒಪ್ಪಿಕೊಂಡ ನಮ್ಮ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು: ಅದೇ ವೃತ್ತಿಯ ಸಾಧಾರಣ ಕೌಶಲದವನು ಅದೇ ಪರಿಸ್ಥಿತಿಯಲ್ಲಿ ಮಾಡುವಂಥದ್ದನ್ನೇ ಮಾಡಿದ್ದರೆ ನಿರ್ಲಕ್ಷ್ಯವಲ್ಲ. ಹಾಗೆಂದು ವರದಿಯ ಕರಡು ತಯಾರಾಯಿತು, ಎರಡೇ ವಾಕ್ಯ. ಉಪಕರಣ ಮುರಿಯುವುದು ಈ ಚಿಕಿತ್ಸೆಯ ತಿಳಿದಿರುವ ತೊಡಕು, ನಿರ್ಲಕ್ಷ್ಯ ಕಂಡುಬಂದಿಲ್ಲ. ಸೌಹಾರ್ದದ ದೃಷ್ಟಿಯಿಂದ ಪೂರ್ತಿ ಶುಲ್ಕ ವಾಪಸ್ ಕೊಡಲು ವೈದ್ಯರು ಒಪ್ಪಿದ್ದಾರೆ.

ಮೊದಲ ವಾಕ್ಯದ ಒಂದೊಂದು ಪದವನ್ನೂ ನಾನು ಇಂದಿಗೂ ಸಮರ್ಥಿಸಬಲ್ಲೆ. ಆದರೆ ಫೈಲು ಮುರಿದದ್ದು ತಪ್ಪೇ ಎಂದು ಯಾರೂ ಕೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದರು. ನಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ನಾವೇ ಹಾಕಿಕೊಂಡು, ಅದಕ್ಕೆ ಸರಿಯಾದ ಉತ್ತರ ಬರೆದಿದ್ದೆವು. ತಜ್ಞರನ್ನು ಕೂರಿಸಿದರೆ ದೂರು ತಾಂತ್ರಿಕ ಪ್ರಶ್ನೆಯಾಗಿ ಬದಲಾಗಿಬಿಡುತ್ತದೆ, ಯಾಕೆಂದರೆ ತಜ್ಞನಿಗೆ ತನ್ನ ನೆಲ ಅದೇ. ಹೇಳಿದರೋ ಇಲ್ಲವೋ ಎಂದು ತಿಳಿಯಲು ದಂತವೈದ್ಯದ ಸ್ನಾತಕೋತ್ತರ ಪದವಿ ಎಂಡಿಎಸ್ ಓದಿರಬೇಕಿಲ್ಲ. ಪ್ರತಿ ಪ್ರಕರಣದಲ್ಲೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ಅದು ನಮ್ಮ ಚರ್ಚೆಯಲ್ಲಿ ಬರಲಿಲ್ಲ.

ಒಪ್ಪಿಗೆ ಪತ್ರವೂ ಕಡತದಲ್ಲಿತ್ತು, ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದಬಲ್ಲವರ ಕನ್ನಡ ಸಹಿ ಅದರ ಕೆಳಗೆ. 2008ರ ಸಮೀರಾ ಕೊಹ್ಲಿ ತೀರ್ಪಿನ ಪ್ರಕಾರ ಸಾಕಷ್ಟು ಮಾಹಿತಿ ಕೊಟ್ಟು ಪಡೆದರಷ್ಟೇ ಅದು ಒಪ್ಪಿಗೆ. ನಾವು ಮೂವರಲ್ಲಿ ಇಬ್ಬರು ಆ ಪತ್ರವನ್ನು ನೋಡಿ, ಸಹಿ ಇದೆ ಎಂದು ಟಿಕ್ ಹಾಕಿದೆವು.

"ಆಕೆಯನ್ನ ಒಳಗೆ ಕರೀರಿ"

ತಾಲ್ಲೂಕು ಆಸ್ಪತ್ರೆಯ ಮೇಡಂ ಅಲ್ಲಿಯವರೆಗೆ ಹೆಚ್ಚು ಮಾತಾಡಿರಲಿಲ್ಲ. ಸಹಿಗೆ ಕರಡು ಮುಂದಿಟ್ಟಾಗ ಪೆನ್ನು ಮುಚ್ಚಿದರು.

"ಸಾರ್, ಅರ್ಜಿಯ ಕೊನೇ ಸಾಲು ಓದ್ರಿ. ಇದರಲ್ಲಿ ಅದಕ್ಕೆ ಉತ್ತರ ಎಲ್ಲಿದೆ? ಆಯಮ್ಮ ಬೆಳಿಗ್ಗೆಯಿಂದ ಹೊರಗೆ ಕೂತಿದಾರೆ. ಆಕೆಯನ್ನ ಒಳಗೆ ಕರೀರಿ."

ವೈದ್ಯರ ಮೇಲೆ ಕ್ರಿಮಿನಲ್ ಕೇಸು ಹಾಕುವ ಮೊದಲು ತನಿಖಾಧಿಕಾರಿ ಒಬ್ಬ ಸ್ವತಂತ್ರ ವೈದ್ಯರ, ಸಾಧ್ಯವಾದರೆ ಸರ್ಕಾರಿ ಸೇವೆಯಲ್ಲಿರುವವರ ಅಭಿಪ್ರಾಯ ಪಡೆಯಬೇಕು ಎಂದು ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದ್ದು ಯಾಕೆಂದು ನನಗೆ ಅರ್ಥವಾದದ್ದು ಆ ಗಳಿಗೆಯಲ್ಲಿ. ಅವರಿಗೆ ಆ ಹಾಲಿನಲ್ಲಿದ್ದ ಯಾರಿಂದಲೂ ಕೇಸು ಬರಬೇಕಿರಲಿಲ್ಲ. ನನ್ನ ಪ್ರಾಮಾಣಿಕತೆಗಿಂತ ಅವರ ಪ್ರಾಮಾಣಿಕತೆ ದೊಡ್ಡದೆಂದಲ್ಲ, ಅವರಿಗೆ ಅದರ ಬೆಲೆ ಕಡಿಮೆ ಇತ್ತು. ವಿಚಾರಣೆಯ ವ್ಯವಸ್ಥೆ ಮಾಡುವವರು ಮೊದಲು ಯೋಚಿಸಬೇಕಾದ್ದು ಇದನ್ನೇ ಎಂದು ನಾನು ನಂಬುತ್ತೇನೆ.

ತಾಯಿ ಮಗ ಒಳಗೆ ಬಂದಾಗ ಎರಡೂವರೆ ದಾಟಿತ್ತು. ಇಷ್ಟು ಜನರನ್ನು ನೋಡಿ ಆಕೆ ಸೆರಗು ಹೊದ್ದು ನಿಂತೇ ಇದ್ದರು, ಮೇಡಂ ಕುರ್ಚಿ ಎಳೆದುಕೊಟ್ಟರು. ವೈದ್ಯರು ನೇರವಾಗಿ ಅವರಿಗೇ ಹೇಳಿದರು, "ಅಮ್ಮಾ, ಮುರಿದದ್ದು ನನಗೆ ಅವತ್ತೇ ಗೊತ್ತಾಯ್ತು. ಹೇಳಿದ್ರೆ ಹೆದರ್ತೀರಿ ಅಂದ್ಕೊಂಡೆ."

"ಹೆದರ್ತಿದ್ದೆ ಸಾರ್," ಎಂದರು ಆಕೆ. "ಆದ್ರೆ ನೋವು ಅಂತ ಬಂದಾಗ ಸರಿಯಾಗಿ ಬ್ರಷ್ ಮಾಡಲ್ಲ ಅಂತ ನನ್ನನ್ನೇ ಬೈದ್ರಲ್ಲ. ಅವತ್ತಿಂದ ದಿನಾ ಮೂರು ಸಲ ಉಜ್ಜಿದೀನಿ. ನನ್ನದೇ ತಪ್ಪು ಅಂದ್ಕೊಂಡು."

ಯಾರೂ ಮಾತಾಡಲಿಲ್ಲ. ನಾನು ಆಗ ಹೇಳಿದೆ, ಈ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೇನೆ, ಈಗಲೂ ಅವರಿಂದ ನನಗೆ ಕೇಸು ಬರುತ್ತವೆ, ಇದನ್ನು ಮೊದಲ ದಿನವೇ ನಿಮಗೆ ತಿಳಿಸಬೇಕಿತ್ತು, ನಾನು ಸಹಿ ಮಾಡುವುದಿಲ್ಲ ಎಂದು. ಮಗ ನನ್ನನ್ನೇ ನೋಡಿದ. "ಮೊದಲೇ ಗೊತ್ತಿದ್ದಿದ್ರೆ ನಾವು ಇಲ್ಲಿಗೆ ಬರ್ತಾನೇ ಇರಲಿಲ್ಲ ಸಾರ್" ಎಂದ.

ಹಣ ಮತ್ತು ಕಾಗದ

ಹತ್ತು ಸಾವಿರದ ಜೊತೆ ಒಂದು ಛಾಪಾ ಕಾಗದವೂ ಸಿದ್ಧವಾಗಿತ್ತು. ಸಂಪೂರ್ಣ ತೃಪ್ತಿಯಾಗಿದೆ, ಮುಂದೆ ಯಾವ ನ್ಯಾಯಾಲಯ, ಆಯೋಗ, ಪರಿಷತ್ತಿಗೂ ದೂರು ಕೊಡುವುದಿಲ್ಲ ಎಂದು ಅದರಲ್ಲಿತ್ತು. ರಾಜಿಯಲ್ಲಿ ಇದು ಮಾಮೂಲು ಎಂದು ನಾವೆಲ್ಲ ಭಾವಿಸಿದ್ದೆವು. ಮೇಡಂ ಇಲ್ಲೂ ತಡೆದರು, ಅವರ ವಾದ ನನಗೆ ಈಗ ಪೂರ್ತಿ ಒಪ್ಪಿಗೆ. ತನ್ನ ಹಣದ ಹಕ್ಕನ್ನು ರೋಗಿ ರಾಜಿಯಲ್ಲಿ ಬಿಟ್ಟುಕೊಡಬಹುದು, ಅದು ಅವರದು. ಆದರೆ ದಂತ ಪರಿಷತ್ತಿಗೆ ಕೊಡುವ ದೂರು ಅವರ ಹಲ್ಲಿನದಷ್ಟೇ ಅಲ್ಲ. 1948ರ ದಂತವೈದ್ಯರ ಕಾಯ್ದೆ ರಾಜ್ಯ ಪರಿಷತ್ತಿಗೆ ವೃತ್ತಿಗೆ ಕಳಂಕ ತರುವ ನಡತೆಗಾಗಿ ಹೆಸರನ್ನು ನೋಂದಣಿಯಿಂದ ತೆಗೆಯುವ ಅಧಿಕಾರ ಕೊಟ್ಟದ್ದು ಮುಂದಿನ ರೋಗಿಗಳ ಸಲುವಾಗಿ. ಆ ದೂರನ್ನು ಹಣ ಕೊಟ್ಟು ಕೊಂಡುಕೊಳ್ಳುವುದು ಎಂದರೆ ಇನ್ನೂ ಬಂದಿಲ್ಲದ ರೋಗಿಗಳ ರಕ್ಷಣೆಯನ್ನು ಕೊಂಡುಕೊಂಡಂತೆ.

ಇಂಥ ವಾಪಸಾತಿ ಎಲ್ಲೂ ಗುರುತು ಉಳಿಸುವುದಿಲ್ಲ. ಅಮೆರಿಕದಲ್ಲಿ ಚಿಕಿತ್ಸೆಯ ದೋಷಕ್ಕೆ ಕೊಟ್ಟ ಪರಿಹಾರಗಳನ್ನು ದಾಖಲಿಸಲು 1986ರ ಕಾನೂನಿನಡಿ ರಾಷ್ಟ್ರೀಯ ದತ್ತಾಂಶ ಕೋಶವೊಂದು 1990ರಲ್ಲಿ ಶುರುವಾಯಿತು. ವೈದ್ಯನೊಬ್ಬ ಸ್ವಂತ ಜೇಬಿನಿಂದ ಕೊಟ್ಟ ಹಣವನ್ನೂ ವರದಿ ಮಾಡಬೇಕೆಂಬ ನಿಯಮವನ್ನು ಅಲ್ಲಿನ ದಂತವೈದ್ಯ ಸಂಘ ನ್ಯಾಯಾಲಯದಲ್ಲಿ ಪ್ರಶ್ನಿಸಿ 1993ರಲ್ಲಿ ಗೆದ್ದಿತು, ಕಾನೂನು ಸಂಸ್ಥೆಗಳ ಪಾವತಿಯ ಬಗ್ಗೆ ಮಾತ್ರ ಹೇಳಿದೆ ಎಂಬುದು ತೀರ್ಪಿನ ಕಾರಣ. ಜೇಬಿನ ಹಣಕ್ಕೆ ಅಲ್ಲೂ ನೆನಪಿಲ್ಲ, ಇಲ್ಲೂ ಇಲ್ಲ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 1995ರ ಶಾಂತಾ ತೀರ್ಪಿನಿಂದ ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಯಲ್ಲಿದೆ. 2019ರ ಗ್ರಾಹಕ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷದ ಗಡುವಿದೆ, ಐದು ಲಕ್ಷದವರೆಗೆ ಕೊಟ್ಟ ಸೇವೆಗೆ ಅರ್ಜಿ ಶುಲ್ಕವೂ ಇಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಕುಂದುಕೊರತೆ ಪ್ರಾಧಿಕಾರವೂ ಇದೆ. ನಮ್ಮ ಸಮಿತಿಯ ಬಳಿ ಆಕೆಯ ಅರ್ಜಿ ಐದು ತಿಂಗಳು ಕೂತಿತ್ತು. ಆ ಐದು ತಿಂಗಳಲ್ಲಿ ಈ ಬಾಗಿಲುಗಳಲ್ಲಿ ಒಂದನ್ನಾದರೂ ನಾವು ಅವರಿಗೆ ತೋರಿಸಲಿಲ್ಲ. ನಮ್ಮ ಹತ್ತಿರ ಬಂದದ್ದೇ ಸಾಕೆಂದು ಸಮಾಧಾನಪಟ್ಟೆವು.

ನಂತರ

ಹಣವನ್ನು ಆಕೆ ತೆಗೆದುಕೊಂಡರು, ಪರಿಷತ್ತಿನ ಮಾತಿದ್ದ ಸಾಲನ್ನು ಮಗ ಹೊಡೆದುಹಾಕಿದ ಮೇಲೆಯೇ ಸಹಿ ಮಾಡಿದರು. ಮೇಷ್ಟ್ರು ಮೊದಲು ಮುನಿಸಿಕೊಂಡರು. ಒಂದು ವಾರದ ನಂತರ ತಾವೇ ಮೇಡಂಗೆ ಫೋನ್ ಮಾಡಿ, ಹೊಸ ವರದಿ ಬರೆಯಿರಿ, ಸಹಿ ಮಾಡುತ್ತೇನೆ ಎಂದರು. ಅದು ಕನ್ನಡದಲ್ಲಿದೆ, ಮೂರು ಪುಟ. ತುಂಡು ಅದೇ ದಿನದ ಎಕ್ಸ್‌ರೇಯಲ್ಲಿ ಕಾಣುತ್ತಿತ್ತು, ವೈದ್ಯರಿಗೆ ತಿಳಿದಿತ್ತು, ರೋಗಿಗೆ ಹೇಳಲಿಲ್ಲ, ಕೇಸ್ ಶೀಟಿನಲ್ಲಿ ಬರೆಯಲಿಲ್ಲ, ಇದು ಕರ್ತವ್ಯಲೋಪ ಎಂದು ಅದರಲ್ಲಿದೆ. ಪ್ರತಿಯನ್ನು ಆಕೆಯ ಮನೆಗೆ ಅಂಚೆಯಲ್ಲಿ ಕಳಿಸಲಾಯಿತು. ನನ್ನ ಹೆಸರು ಅದರಲ್ಲಿ ಒಂದು ಕಡೆ ಬರುತ್ತದೆ, ಹಿತಾಸಕ್ತಿಯ ಕಾರಣದಿಂದ ಹಿಂದೆ ಸರಿದವರೆಂದು. ತಡವಾಗಿ ಎಂಬ ಪದವನ್ನು ಸೇರಿಸಿ ಎಂದು ನಾನೇ ಕೇಳಿಕೊಂಡೆ.

ಆಕೆ ಪರಿಷತ್ತಿಗೆ ಹೋಗಲಿಲ್ಲ, ಗ್ರಾಹಕ ಆಯೋಗಕ್ಕೂ ಹೋಗಲಿಲ್ಲ. ಡೆಂಟಲ್ ಕಾಲೇಜಿನಲ್ಲಿ ಹಲ್ಲನ್ನು ಉಳಿಸಲು ಮೂರು ಸಲ ಹೋದರು, ಪ್ರತಿ ಸಲವೂ ಒಂದು ದಿನದ ರಜೆ. ನಾಲ್ಕನೆಯ ಸಲಕ್ಕೆ ಆಗಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮೇಡಂ ಆ ಹಲ್ಲನ್ನು ಕಿತ್ತರು. ಈಗ ಬಲಗಡೆಯಲ್ಲಿ ಅಗಿಯುತ್ತಾರಂತೆ.

ಆ ಕ್ಲಿನಿಕ್ಕಿನಿಂದ ನನಗೆ ಈಗ ಕೇಸು ಬರುವುದಿಲ್ಲ. ಅದು ನನಗೆ ದೊಡ್ಡ ನಷ್ಟವಲ್ಲ. ಕಾಡುವುದು ಬೇರೆ. ನಾವು ನೋಡಿದ್ದು ಒಂದು ಹಲ್ಲಿನ ಕಡತ. ಅದೇ ಕಪಾಟಿನಲ್ಲಿ "ಚಿಕಿತ್ಸೆ ಪೂರ್ಣ" ಎಂದು ಬರೆದ ಇನ್ನೆಷ್ಟು ಕೇಸ್ ಶೀಟಿನ ಹಿಂದೆ ಹೇಳದೆ ಉಳಿದ ಮಾತಿದೆ ಎಂದು ಕೇಳುವ ಅಧಿಕಾರ ನಮಗಿರಲಿಲ್ಲ. ಆದರೆ ನಾನು ಆ ಕ್ಲಿನಿಕ್ಕಿನಲ್ಲಿ ಮೂರು ವರ್ಷ ಶನಿವಾರಗಳನ್ನು ಕಳೆದವನು, ಅಧಿಕಾರವಿಲ್ಲದೆಯೂ ಕೇಳಬಹುದಿತ್ತು.

ಸಂಘಕ್ಕೆ ಮುಂದಿನ ದೂರು ಬಂದಾಗ ಸಮಿತಿಯಲ್ಲಿ ಇಬ್ಬರು ಪಕ್ಕದ ಜಿಲ್ಲೆಯವರಿದ್ದರು, ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಅರ್ಜಿದಾರರನ್ನೇ ಮೊದಲು ಒಳಗೆ ಕರೆದರು. ಮುಖ್ಯೋಪಾಧ್ಯಾಯಿನಿ ಎಕ್ಸ್‌ರೇ ನೋಡುವ ಮೊದಲು ಅರ್ಜಿಯನ್ನು ಗಟ್ಟಿಯಾಗಿ, ಕೊನೆಯ ಸಾಲಿನವರೆಗೆ ಓದಿದರು ಎಂದು ಕೇಳಿದೆ.